ರಾಗಿ ಹಿಟ್ಟಿನಲ್ಲೇ ಸಾರ್‌ಡೋ ಹೆಪ್ಪು

ಮನೆಯಲ್ಲಿ ಗೋಧಿ ಒಗ್ಗದವರು ಇದ್ದಾರಾ? ಸಾರ್‌ಡೋ, ಅಂದರೆ ಹುಳಿ ಬ್ರೆಡ್ಡಿನ ಆಸೆ ಬಿಡಬೇಕಾಗಿಲ್ಲ. ರಾಗಿ, ಜೋಳ, ಅಕ್ಕಿಯಲ್ಲಿ ಗ್ಲುಟೆನ್ (ಗೋಧಿಯಲ್ಲಿರುವ ಅಂಟಿನ ಪ್ರೋಟೀನ್) ಇಲ್ಲ. ಬ್ರೆಡ್ ಉಬ್ಬಿಸುವ ಹುಳಿ ಹಿಟ್ಟು, ಅಂದರೆ ಹೆಪ್ಪು, ಮೂರರಲ್ಲೂ ಬರುತ್ತದೆ. ನನಗೆ ಹಿಡಿಸಿದ್ದು ರಾಗಿ. ಸಿಪ್ಪೆ ಸಮೇತ ಬೀಸುವ ಕಾಳು ಅದು, ಹುಳಿ ತರುವ ಜೀವಿಗಳು ಇರುವುದೇ ಆ ಸಿಪ್ಪೆಯಲ್ಲಿ.

ಹಿಟ್ಟಿನ ವಿಷಯದಲ್ಲಿ ಮಾತ್ರ ತುಂಬಾ ಎಚ್ಚರ ಬೇಕು. ಗಿರಣಿಯಲ್ಲಿ ಗೋಧಿ ಬೀಸಿದ ಮೇಲೆ ರಾಗಿ ಸುರಿದರೆ ಗೋಧಿ ಹಿಟ್ಟು ಬೆರೆಯುತ್ತದೆ. ಸೀಲಿಯಾಕ್ ಕಾಯಿಲೆ (ಗ್ಲುಟೆನ್ ತಿಂದರೆ ಕರುಳಿಗೆ ಹಾನಿಯಾಗುವ ಕಾಯಿಲೆ) ಇರುವವರಿಗೆ ಅಷ್ಟು ಬೆರೆತರೂ ತೊಂದರೆಯೇ. ರಾಗಿ ಆರಿಸಿ, ಮನೆಯ ಮಿಕ್ಸಿಯಲ್ಲೇ ನುಣ್ಣಗೆ ಪುಡಿ ಮಾಡಿ. ಗೋಧಿ ಹಿಟ್ಟಿಗೆ ಬಳಸುವ ಜರಡಿ ಮುಟ್ಟಬೇಡಿ. ಹುರಿಹಿಟ್ಟೂ ಬೇಡ, ಹುರಿದರೆ ಆ ಜೀವಿಗಳು ಸತ್ತುಹೋಗುತ್ತವೆ.

ಮೊದಲ ದಿನ 50 ಗ್ರಾಂ ಹಿಟ್ಟಿಗೆ ಸುಮಾರು 60 ಮಿಲಿ ನೀರು ಹಾಕಿ, ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ. ಕುದಿಸಿ ಆರಿಸಿದ ನೀರಾದರೆ ಒಳ್ಳೆಯದು, ನಲ್ಲಿ ನೀರಿನ ಕ್ಲೋರಿನ್ ಹೋಗಿರುತ್ತದೆ. ಗಾಜಿನ ಜಾಡಿಗೆ ತುಂಬಿ, ಬಾಯಿಗೆ ತೆಳು ಬಟ್ಟೆ ಕಟ್ಟಿ. ಮರುದಿನದಿಂದ ದಿನಾ ಅದೇ ಹೊತ್ತಿಗೆ ಅರ್ಧ ತೆಗೆದು, ಅಷ್ಟೇ ಹೊಸ ಹಿಟ್ಟು, ನೀರು ಸೇರಿಸಿ.

ಎರಡು-ಮೂರನೇ ದಿನಕ್ಕೆ ಗುಳ್ಳೆ ಬರುತ್ತದೆ. ಆಗಲೇ ಆಯಿತು ಅಂದುಕೊಳ್ಳಬೇಡಿ. ಅದು ಬ್ಯಾಕ್ಟೀರಿಯಾಗಳ ಕೆಲಸ. ನಮ್ಮ ಇಡ್ಲಿ ಹಿಟ್ಟನ್ನು ಉಬ್ಬಿಸುವ ಲ್ಯೂಕೊನೊಸ್ಟಾಕ್ ಕೂಡ ಅವುಗಳಲ್ಲಿ ಒಂದು. ನಾಲ್ಕನೇ ದಿನದ ಹೊತ್ತಿಗೆ ಎಲ್ಲ ಸುಮ್ಮನಾಗುತ್ತದೆ. ಕೆಟ್ಟಿತು ಅಂತ ಎಷ್ಟೋ ಜನ ಚೆಲ್ಲುವುದು ಆವಾಗಲೇ. ದಯವಿಟ್ಟು ಚೆಲ್ಲಬೇಡಿ! ಹುಳಿ ಏರಿದಾಗ ಆ ಜೀವಿಗಳು ಹಿಂದೆ ಸರಿಯುತ್ತವೆ, ಹುಳಿಯನ್ನು ತಾಳಿಕೊಳ್ಳುವ ಯೀಸ್ಟ್ ನಿಧಾನಕ್ಕೆ ಬೆಳೆಯುತ್ತದೆ. ಒಂದು ವಾರದಿಂದ ಹತ್ತು ದಿನ ಬೇಕು. ಚಳಿಗಾಲದಲ್ಲಿ ಇನ್ನೂ ಸ್ವಲ್ಪ ಜಾಸ್ತಿ.

ಗೋಧಿ ಹೆಪ್ಪಿನ ಹಾಗೆ ಇದು ದುಪ್ಪಟ್ಟು ಉಬ್ಬದಿದ್ದರೂ ಚಿಂತೆ ಬೇಡ. ಗಾಳಿ ಹಿಡಿದಿಡಲು ಇಲ್ಲಿ ಗ್ಲುಟೆನ್ ಇಲ್ಲವಲ್ಲ. ಹಿಟ್ಟು ಹಾಕಿದ ಐದಾರು ಗಂಟೆಯಲ್ಲಿ ಮೇಲೆ ಬಿರುಕು, ಒಳಗೆಲ್ಲ ಗುಳ್ಳೆ, ಹುಳಿ ಮಜ್ಜಿಗೆಯ ವಾಸನೆ ಬಂದರೆ ಹೆಪ್ಪು ಸಿದ್ಧ. ಮೇಲೆ ಬೂದು ನೀರು ನಿಂತರೆ ಅದಕ್ಕೆ ಹಸಿವಾಗಿದೆ ಅಂತ ಅರ್ಥ. ಗುಲಾಬಿ ಅಥವಾ ಕಿತ್ತಳೆ ಬಣ್ಣ, ಬೂಸ್ಟು ಕಂಡರೆ ಮಾತ್ರ ಪೂರ್ತಿ ಎಸೆಯಿರಿ.

ಮೊದಲ ವಾರ ತೆಗೆದ ಹಿಟ್ಟು ಗಿಡದ ಬುಡಕ್ಕೆ. ಆಮೇಲಿನದನ್ನು ದೋಸೆಗೆ ಬೆರೆಸಿ, ರುಚಿ ಚೆನ್ನಾಗಿರುತ್ತದೆ. ಸಿದ್ಧವಾದ ಹೆಪ್ಪನ್ನು ಫ್ರಿಜ್ಜಿನಲ್ಲಿಟ್ಟರೆ ವಾರಕ್ಕೊಮ್ಮೆ ಹಿಟ್ಟು, ನೀರು ಹಾಕಿದರೆ ಸಾಕು. ಬ್ರೆಡ್ ಮಾಡುವ ಹಿಂದಿನ ರಾತ್ರಿ ಹೊರಗಿಟ್ಟು, ಒಮ್ಮೆ ಹಿಟ್ಟು ಹಾಕಿಡಿ.