ಟ್ಯಾಕೋಗ್ರಾಫ್‌ನಲ್ಲಿ ವಿರಾಮವನ್ನು ಸರಿಯಾಗಿ ದಾಖಲಿಸುವ ಕ್ರಮ

ಐರೋಪ್ಯ ಒಕ್ಕೂಟದ 561/2006 ನಿಯಮಾವಳಿಯ ಪ್ರಕಾರ ಲಾರಿ ಚಾಲಕರು 4 ಗಂಟೆ 30 ನಿಮಿಷಗಳ ಚಾಲನೆಯ ಬಳಿಕ 45 ನಿಮಿಷ ವಿರಾಮ ಪಡೆಯಬೇಕು; ಅದನ್ನು ಎರಡಾಗಿ ವಿಂಗಡಿಸುವುದಾದರೆ ಮೊದಲು ಕನಿಷ್ಠ 15, ಆಮೇಲೆ ಕನಿಷ್ಠ 30 ನಿಮಿಷ ಎಂಬ ಕ್ರಮ ತಪ್ಪಬಾರದು.

ಹೊರಡುವ ಮುನ್ನ ನಿಮ್ಮ ಚಾಲಕ ಕಾರ್ಡನ್ನು (ಚಾಲಕರ ಹೆಸರಿನಲ್ಲಿರುವ ಚಿಪ್ ಕಾರ್ಡ್) ಡಿಜಿಟಲ್ ಟ್ಯಾಕೋಗ್ರಾಫಿಗೆ, ಅಂದರೆ ಚಾಲನೆ ಮತ್ತು ವಿರಾಮದ ಸಮಯವನ್ನು ದಾಖಲಿಸುವ ಲಾರಿಯಲ್ಲಿನ ಯಂತ್ರಕ್ಕೆ, ಹಾಕಿರಿ. ಗೇರ್‌ಬಾಕ್ಸ್‌ಗೆ ಜೋಡಿಸಿದ ಸೆನ್ಸರ್ ವಾಹನದ ಚಲನೆಯನ್ನು ಯಂತ್ರಕ್ಕೆ ತಿಳಿಸುತ್ತಿರುವುದರಿಂದ ಚಾಲನೆಯು ತಾನಾಗಿಯೇ ದಾಖಲಾಗುತ್ತದೆ. ವಿರಾಮದ ವಿಷಯ ಹಾಗಲ್ಲ. ಲಾರಿ ನಿಂತೊಡನೆ ಯಂತ್ರವು ‘ಇತರ ಕೆಲಸ’ಕ್ಕೆ, ಅಂದರೆ ಒಂದಕ್ಕೊಂದು ಅಡ್ಡಲಾಗಿಟ್ಟ ಎರಡು ಸುತ್ತಿಗೆಗಳ ಚಿಹ್ನೆಗೆ, ಹೊರಳುತ್ತದೆ; ವಿಶ್ರಾಂತಿಯನ್ನು ಸೂಚಿಸುವ ಮಂಚದ ಚಿಹ್ನೆ ಕಾಣುವವರೆಗೆ ಗುಂಡಿ ಒತ್ತದಿದ್ದರೆ, ಚಾಲಕರು ನಿದ್ರಿಸಿದ ಹೊತ್ತೂ ದುಡಿಮೆಯೆಂದೇ ದಾಖಲಾಗಬಹುದು. ದಣಿದ ದೇಹಕ್ಕೆ ದೊರೆತ ವಿಶ್ರಾಂತಿ ಲೆಕ್ಕಕ್ಕೆ ಸಿಗದಂತಾಗುವುದು ನಿಜಕ್ಕೂ ಅನ್ಯಾಯ. ಆದ್ದರಿಂದ ಪರದೆಯನ್ನು ನೋಡಿಯೇ ಕೆಳಗಿಳಿಯಿರಿ.

ವಿರಾಮದ ನಡುವೆ ಲಾರಿಯನ್ನು ಸರಿಸಿದರೆ ಅವಧಿ ತುಂಡಾಗುವ ಸಂಭವವಿರುವುದರಿಂದ, ಯಾರಿಗೂ ಅಡ್ಡಿಯಾಗದ ಜಾಗದಲ್ಲಿಯೇ ನಿಲ್ಲಿಸಿರಿ. ಯಂತ್ರವು ಗಡಿಯಾರದ ಪೂರ್ಣ ನಿಮಿಷಗಳನ್ನು ಆಧರಿಸಿ ದಾಖಲಿಸುವ ಕಾರಣ, 45ರ ಮೇಲೆ ಒಂದೆರಡು ನಿಮಿಷ ಹೆಚ್ಚಿಗೆ ನಿಲ್ಲುವುದು ಕ್ಷೇಮ. ಯಂತ್ರದಿಂದ ಪಡೆದ ಮುದ್ರಿತ ಚೀಟಿಯಲ್ಲಿನ ಸಮಯ ಸ್ಥಳೀಯ ಸಮಯದಲ್ಲಲ್ಲ, ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯದಲ್ಲಿ) ಇರುತ್ತದೆ ಎಂಬುದನ್ನೂ ಮರೆಯದಿರಿ. ಕಾರ್ಡನ್ನು ಹೊರತೆಗೆದು ರಾತ್ರಿ ವಿಶ್ರಮಿಸಿದ್ದರೆ, ಮರಳಿ ಹಾಕುವಾಗ ಆ ಅವಧಿಯನ್ನು ಕೈಯಾರೆ ನಮೂದಿಸಬೇಕು.