ಖಣದ ತುಂಡಲ್ಲಿ ಓಲೆ, ಕಸೂತಿ ಪದಕ ಮನೇಲೇ ಮಾಡೋದು ಹೇಗೆ

ಬಟ್ಟೆ ಒಡವೆ ಮಾಡೋಕೆ ಶುರು ಮಾಡಿದೋರು ಎಲ್ಲಾ ಟೈಮು ಮುಂದಿನ ಮುಖಕ್ಕೇ ಹಾಕ್ತಾರೆ, ಮಣಿ ಹಾಕು, ಕನ್ನಡಿ ಅಂಟ್ಸು, ಲೇಸ್ ಸುತ್ತು ಅಂತ. ಆದ್ರೆ ಓಲೆ ಬಾಳಿಕೆ ಬರೋದು ಅಂಚು ಮತ್ತೆ ಹಿಂಭಾಗ ನೀಟಾಗಿದ್ರೆ ಮಾತ್ರ. ಖಣ ಅನ್ನೋ ಕುಪ್ಪಸದ ಬಟ್ಟೇಲಂತೂ ನೇಯ್ಗೆಯಲ್ಲೇ ಅಷ್ಟು ಚೆಂದದ ಬುಟ್ಟಾ (ಚಿಕ್ಕ ಚಿತ್ತಾರ) ಇರತ್ತೆ, ಅದರ ಮೇಲೆ ಇನ್ನೇನೂ ತುಂಬೋದು ಬೇಡ್ವೇ ಬೇಡ.

ಮೊದ್ಲು ಬಟ್ಟೆ. ಗುಳೇದಗುಡ್ಡದ ಖಣ ಕುಪ್ಪಸಕ್ಕೆ ಅಂತಲೇ ನೇಯೋದು, ಹಂಗಾಗಿ ಬ್ಲೌಸ್ ಹೊಲಿಯೋ ಟೈಲರ್ ಹತ್ರ ಕೇಳಿದ್ರೆ ಚೂರುಗಳು ಸಿಗತ್ವೆ, ಓಲೆಗೆ ಅಷ್ಟು ಸಾಕು. ಹಳೇ ಇಳಕಲ್ ಸೀರೆ ಹರಿದಿದ್ರೆ ಅದರ ಸೆರಗೂ ಆಗತ್ತೆ, ಆದ್ರೆ ಉಡೋ ಹಂಗಿರೋ ಸೀರೆಗೆ ದಯವಿಟ್ಟು ಕತ್ತರಿ ಹಾಕ್ಬೇಡಿ. ಬಿಳಿ ಬಟ್ಟೆ ಒದ್ದೆ ಮಾಡಿ ಖಣದ ಮೇಲೆ ಉಜ್ಜಿ ನೋಡಿ, ಬಣ್ಣ ಬಿಟ್ರೆ ಆ ತುಂಡು ಒಡವೆಗೆ ಬೇಡ, ಬೆವರಿಗೆ ಕತ್ತೆಲ್ಲಾ ಬಣ್ಣ ಆಗತ್ತೆ.

ಖಣ ಕತ್ತರಿಸಿದ ತಕ್ಷಣ ಎಳೆ ಬಿಚ್ಕೊಳ್ಳತ್ತೆ, ಅದಕ್ಕೇ ಕತ್ತರಿಸೋಕೆ ಮುಂಚೆನೇ ಹಿಂದಗಡೆ ಫ್ಯೂಸಿಂಗ್ (ಇಸ್ತ್ರಿ ಬಿಸಿಗೆ ಅಂಟ್ಕೊಳ್ಳೋ ಒಳಪದರ) ಇಟ್ಟು ಇಸ್ತ್ರಿ ಒತ್ತಿ, ಎಳೀಬೇಡಿ, ಒತ್ತಿ ಎತ್ತಿ ಅಷ್ಟೇ. ಆಮೇಲೆ ಒಂದು ದಪ್ಪ ಕಾಗದದಲ್ಲಿ 4 ಸೆಂಟಿಮೀಟರ್ ಗುಂಡನೆ ಕಿಟಕಿ ಕತ್ತರಿಸಿ, ಖಣದ ಮೇಲೆ ಆ ಕಡೆ ಈ ಕಡೆ ಸರಿಸ್ತಾ ನೋಡಿ, ಬುಟ್ಟಾ ಸರಿಯಾಗಿ ನಡುಮಧ್ಯೆ ಬಂದಾಗ ಗುರುತು ಹಾಕಿ. ಎರಡನೇ ಓಲೆಗೂ ಅದೇ ಬುಟ್ಟಾ, ಅದೇ ಜಾಗದಲ್ಲಿ ಬರ್ಬೇಕು. ಗುರುತಿನ ಆಚೆ 1 ಸೆಂಟಿಮೀಟರ್ ಬಿಟ್ಟು ಕತ್ತರಿಸಿ.

ಒಳಗೆ ಹಾಕೋಕೆ ರಟ್ಟಿಗಿಂತ ಹಳೇ ಪ್ಲಾಸ್ಟಿಕ್ ಡಬ್ಬಿ ಮುಚ್ಚಳ ವಾಸಿ, ಮಳೇಲಿ ನೆಂದ್ರೆ ರಟ್ಟು ಉಬ್ಬಿ ಓಲೆ ಶೇಪೇ ಹೋಗತ್ತೆ. ಬಟ್ಟೆ ಅಂಚಿಂದ 3 ಮಿಲಿಮೀಟರ್ ಒಳಗೆ ಸುತ್ತಲೂ ಸಣ್ಣ ಸಣ್ಣ ಓಟದ ಹೊಲಿಗೆ ಹಾಕಿ, ನಡುವೆ ಮುಚ್ಚಳದಿಂದ ಗುಂಡಗೆ ಕತ್ತರಿಸಿದ 4 ಸೆಂಟಿಮೀಟರ್ ಬಿಲ್ಲೆ ಇಟ್ಟು ದಾರ ಮೆಲ್ಲಗೆ ಎಳೀರಿ, ಬಟ್ಟೆ ತಾನಾಗೇ ಹಿಂದಕ್ಕೆ ಮುದುಡ್ಕೊಂಡು ಮುಂದೆ ಬಿಗಿಯಾಗಿ ಕೂರತ್ತೆ. ಇಲ್ಲಿ ಗಮ್ ಹಾಕೋರು ಜಾಸ್ತಿ, ನನಗೆ ಅದು ಇಷ್ಟ ಇಲ್ಲ, ಗಮ್ ಮುಂದಕ್ಕೆ ಒಸರಿ ಕಲೆ ಆಗತ್ತೆ, ದಾರ ಹಂಗಲ್ಲ. ಹಿಂದೆ ಸ್ವಲ್ಪ ಚಿಕ್ಕದಾಗಿ ಫೆಲ್ಟ್ ಕತ್ತರಿಸಿ ಇಟ್ಟು ಸುತ್ತಲೂ ಕಾಜಾ ಹೊಲಿಗೆ ಹಾಕಿ, ಮೇಲ್ಗಡೆ ಬಂದಾಗ ಕೊಕ್ಕೆ ಸಿಕ್ಕಿಸೋಕೆ ಒಂದು ಚಿಕ್ಕ ರಿಂಗನ್ನೂ ಸೇರಿಸ್ಕೊಂಡು ನಾಲ್ಕೈದು ಸಲ ಹೊಲೀರಿ, ಓಲೆ ಭಾರ ಎಲ್ಲಾ ಬೀಳೋದು ಅಲ್ಲೇ.

ಕೊಕ್ಕೆ ಸಿಕ್ಕಿಸೋಕೆ ರಿಂಗಿನ ಬಾಯಿ ಬಿಡಿಸುವಾಗ ಎರಡು ಇಕ್ಕಳದಲ್ಲಿ ಹಿಡಿದು ಹಿಂದಕ್ಕೊಂದು ಮುಂದಕ್ಕೊಂದು ತಿರುಗಿಸ್ಬೇಕು, ಅಕ್ಕಪಕ್ಕ ಅಗಲಿಸಿದ್ರೆ ಮತ್ತೆ ಸರಿಯಾಗಿ ಮುಚ್ಕೊಳಲ್ಲ. ಕೊಕ್ಕೆ ಬೆಳ್ಳಿದೋ ಸರ್ಜಿಕಲ್ ಸ್ಟೀಲ್‌ದೋ ತಗೊಳ್ಳಿ, ಅಗ್ಗದ ಕೊಕ್ಕೆಲಿರೋ ನಿಕ್ಕಲ್‌ಗೆ ತುಂಬಾ ಜನಕ್ಕೆ ಕಿವಿ ಕೆರೆಯತ್ತೆ.

ಪದಕಕ್ಕೆ ಕಸೂತಿ ಹಾಕೋದಾದ್ರೆ ಖಣ ಬೇಡ, ಕಪ್ಪೋ ಗಾಢ ನೀಲಿನೋ ಇರೋ ಸಾದಾ ಕಾಟನ್ ತಗೊಳ್ಳಿ. ಕಸೂತಿಲಿ ಡ್ರಾಯಿಂಗ್ ಬರ್ಕೊಳಲ್ಲ, ಬಟ್ಟೆ ಎಳೆ ಎಣಿಸಿ ಹಾಕೋದು, ಕಲಿಯೋರಿಗೆ ಅದು ಕಣ್ಣಿಗೆ ಕಷ್ಟ, ಅದಕ್ಕೆ ಮೇಲೆ ಮ್ಯಾಟಿ ಬಟ್ಟೆ (ಚೌಕ ಚೌಕವಾಗಿ ಎಳೆ ಕಾಣೋ ಬಿಡಿ ನೇಯ್ಗೆ ಬಟ್ಟೆ) ಇಟ್ಟು ಟಾಕಾ ಹಾಕಿ ಅದರ ಚೌಕ ಎಣಿಸ್ಕೊಂಡು ಹಾಕಿ. ಗವಂತಿ, ಮುರಗಿ, ನೇಯ್ಗಿ, ಮೆಂತಿ ಅಂತ ನಾಲ್ಕು ಹೊಲಿಗೆಲಿ ಗವಂತಿಯಿಂದ ಶುರು ಮಾಡಿ: ಹೋಗ್ತಾ ಒಂದು ಬಿಟ್ಟು ಒಂದು ಹೊಲಿಗೆ, ವಾಪಸ್ ಬರ್ತಾ ಬಿಟ್ಟ ಜಾಗ ತುಂಬೋದು, ಆಗ ಎರಡೂ ಕಡೆ ಒಂದೇ ಥರ ಕಾಣತ್ತೆ. ಗಂಟು ಹಾಕೋ ಹಂಗಿಲ್ಲ, ದಾರದ ತುದಿನ ಹೊಲಿಗೆ ಒಳಗೇ ಸಿಕ್ಕಿಸಿ ಮುಚ್ಚಬೇಕು. ಆರು ಎಳೆ ದಾರದಲ್ಲಿ ಎರಡೇ ಎಳೆ ತಗೊಳ್ಳಿ. ಗೋಪುರ, ತೇರು ಇಷ್ಟು ಚಿಕ್ಕ ಪದಕದಲ್ಲಿ ಇಕ್ಕಟ್ಟಾಗತ್ತೆ, ಚಿಕ್ಕ ತುಳಸಿಕಟ್ಟೆ ಅಥವಾ ದೀಪ ಚೆನ್ನಾಗಿ ಕೂರತ್ತೆ. ಹೊಲಿಗೆ ಮುಗಿದ್ಮೇಲೆ ಮ್ಯಾಟಿ ಎಳೆಗಳನ್ನ ಒಂದೊಂದಾಗಿ ಚಿಮಟದಲ್ಲಿ ಎಳೆದು ತೆಗೀರಿ, ಆಮೇಲೇ ಬಟ್ಟೆ ಗುಂಡಗೆ ಕತ್ತರಿಸೋದು. ಉಳಿದಿದ್ದೆಲ್ಲಾ ಓಲೆ ಥರನೇ.

ಇವನ್ನ ನೀರಲ್ಲಿ ಒಗೆಯೋ ಹಂಗಿಲ್ಲ, ಸೆಂಟ್ ಹಾಕ್ಕೊಂಡು ಅದು ಒಣಗಿದ್ಮೇಲೆ ಹಾಕ್ಕೋಬೇಕು. ಮಾರೋ ಐಡಿಯಾ ಇದ್ರೆ ಇದನ್ನೆಲ್ಲಾ ಒಂದು ಚೀಟಿಲಿ ಬರೆದು ಕೊಡಿ, ಖಣ ಕೈಮಗ್ಗದ್ದಾ ಪವರ್‌ಲೂಮ್‌ದಾ ಅನ್ನೋದನ್ನೂ ಅಂಗಡಿಲಿ ಕೇಳ್ಕೊಂಡು ಅದರಲ್ಲೇ ಬರೀರಿ, ಪವರ್‌ಲೂಮ್ ಖಣನ ಕೈಮಗ್ಗ ಅಂತ ಮಾರಿದ್ರೆ ನಿಜವಾಗ್ಲೂ ಮಗ್ಗದಲ್ಲಿ ಕೂತು ನೇಯೋರ ಹೊಟ್ಟೆ ಮೇಲೆ ಹೊಡೆದಂಗೆ.