ಕರಾವಳಿಯ ತೇವದಲ್ಲಿ ಕಿವಿ ಮೆಷಿನ್ ಕಾಪಾಡಿಕೊಳ್ಳುವುದು: ನನ್ನ ಅನುಭವ

ಜೂನ್ ಬಂತೆಂದರೆ ಉಡುಪಿಯಲ್ಲಿ ಚಪ್ಪಲಿ, ಬೆಲ್ಟುಗಳಿಗೂ ಬೂಸ್ಟು ಹಿಡಿಯುತ್ತದೆ. ಅದೇ ಗಾಳಿಯಲ್ಲಿ, ಬೆವರುವ ಕಿವಿಯ ಹಿಂದೆ ಹಿಯರಿಂಗ್ ಏಡ್ ಬೆಳಗ್ಗಿನಿಂದ ರಾತ್ರಿಯವರೆಗೆ ಕೂತಿರುತ್ತದೆ. ಮೈಕಿನ ಕಿಂಡಿ ಎಷ್ಟು ಸಣ್ಣದೆಂದರೆ ಒಂದು ಹನಿ ಬೆವರು ಸಾಕು, ದನಿ ಮಂಕಾಗಲು. ಸಾವಿರಾರು ರೂಪಾಯಿಯ ಮೆಷಿನ್ ಮೇಜಿನ ಡ್ರಾಯರ್ ಸೇರುವುದು ಹೆಚ್ಚಾಗಿ ಹೀಗೆಯೇ. ದಿನಾ ರಾತ್ರಿ ಒಣಗಿಸುವ ಅಭ್ಯಾಸ ಇಟ್ಟುಕೊಂಡರೆ ಇದನ್ನು ಬಹುಮಟ್ಟಿಗೆ ತಡೆಯಬಹುದು. ನಾನು ಬಳಸುವುದು ಕಿವಿಯ ಹಿಂದೆ ಕೂರುವ, ಕಿವಿಯೊಳಗೆ ಕೂರುವ ಅಚ್ಚು (ಮೋಲ್ಡ್) ಇರುವ, 13 ನಂಬರ್ ಸೆಲ್ಲಿನ ಮೆಷಿನ್. ಕ್ರಮ ಹೀಗಿದೆ.

ಮಲಗುವ ಮೊದಲು ಮೆಷಿನ್ ತೆಗೆದು ಒಣ ಹತ್ತಿಬಟ್ಟೆಯಿಂದ ಒರೆಸುತ್ತೇನೆ. ಸೆಲ್ ಹೊರತೆಗೆದು, ಸೆಲ್ಲಿನ ಬಾಗಿಲು ತೆರೆದೇ ಇರುವಂತೆ ಮೆಷಿನ್ನನ್ನು ಒಣಡಬ್ಬಿಗೆ ಇಡುತ್ತೇನೆ. ಡಬ್ಬಿ ಎಂದರೆ ರಬ್ಬರ್ ರಿಂಗಿನ ಬಿಗಿ ಮುಚ್ಚಳದ, ಸುಮಾರು 300 ಮಿಲಿಯ ಜಾಡಿ. ತಳದಲ್ಲಿ ತೆಳು ಬಟ್ಟೆಯ ಚೀಲದಲ್ಲಿ 50 ಗ್ರಾಂ ಸಿಲಿಕಾ ಜೆಲ್. ಕಾಳುಗಳ ಪುಡಿ ಕಿಂಡಿಗೆ ಹೋಗಬಾರದೆಂದೇ ಈ ಚೀಲ. ಕಿತ್ತಳೆ ಬಣ್ಣದ ಜೆಲ್ ಕೊಳ್ಳಿ, ತೇವ ಕುಡಿದಾಗ ಹಸಿರಾಗುತ್ತದೆ. ನೀಲಿಯಿಂದ ಗುಲಾಬಿಗೆ ತಿರುಗುವ ಜಾತಿಯಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಮನೆಯಲ್ಲಿ ಅದು ಬೇಡ. ಹಸಿರಾದ ಕಾಳುಗಳನ್ನು ಚೀಲದಿಂದ ತೆಗೆದು, ಅಡುಗೆಗೆ ಬಳಸದ ತಟ್ಟೆಯಲ್ಲಿ ಹರಡಿ, ಓವನ್ನಿನಲ್ಲಿ 120 ಡಿಗ್ರಿಗೆ ಒಂದೆರಡು ಗಂಟೆ ಇಟ್ಟರೆ ಮತ್ತೆ ಕಿತ್ತಳೆಯಾಗುತ್ತವೆ. ಪೂರ್ತಿ ತಣಿದ ಮೇಲೆಯೇ ಚೀಲಕ್ಕೆ ತುಂಬಿ. ಆಷಾಢದ ಮಳೆಯಲ್ಲಿ ಜೆಲ್ ಬೇಗ ಸೋಲುತ್ತದೆ. ಆದ್ದರಿಂದ ಎರಡು ಚೀಲ ಇಟ್ಟುಕೊಂಡು ಬದಲಾಯಿಸುತ್ತಿರುವುದು ಒಳ್ಳೆಯದು.

ಮೊಬೈಲ್ ಒದ್ದೆಯಾದರೆ ಅಕ್ಕಿ ಡಬ್ಬಕ್ಕೆ ಹಾಕುವವರಿದ್ದಾರೆ. ಮೆಷಿನ್ನಿಗೆ ಅದು ಬೇಡವೇ ಬೇಡ, ಅಕ್ಕಿಯ ಹುಡಿ ಮೈಕಿನ ಕಿಂಡಿಯನ್ನೇ ಮುಚ್ಚುತ್ತದೆ. ಬಿಸಿಲಿಗಿಡುವುದು, ಹೇರ್ ಡ್ರೈಯರ್ ಹಿಡಿಯುವುದು, ಬಚ್ಚಲೊಲೆಯ ಹತ್ತಿರ ಇಡುವುದು ಕೂಡ ಸಲ್ಲ. ಚಾರ್ಜ್ ಮಾಡುವ ಮೆಷಿನ್ ಇದ್ದವರು ಒಣಗಿಸುವ ಸೌಲಭ್ಯವಿರುವ ಚಾರ್ಜರ್ ಸಿಗುತ್ತದೆಯೇ ಎಂದು ಆಡಿಯಾಲಜಿಸ್ಟರನ್ನು (ಶ್ರವಣ ತಜ್ಞರನ್ನು) ಕೇಳಿ.

ಸೆಲ್ಲಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಇವು ಜಿಂಕ್-ಏರ್ ಸೆಲ್‌ಗಳು, ಗಾಳಿಯ ಆಮ್ಲಜನಕದಿಂದ ನಡೆಯುತ್ತವೆ. 13 ನಂಬರಿಗೆ ಕಿತ್ತಳೆ ಸ್ಟಿಕ್ಕರ್, 312ಕ್ಕೆ ಕಂದು, 10ಕ್ಕೆ ಹಳದಿ, 675ಕ್ಕೆ ನೀಲಿ. ಸ್ಟಿಕ್ಕರ್ ಕಿತ್ತು ಮೂರರಿಂದ ಐದು ನಿಮಿಷ ಹಾಗೇ ಬಿಟ್ಟು ಆಮೇಲೆ ಹಾಕಿದರೆ ವೋಲ್ಟೇಜ್ ಸರಿಯಾಗಿ ಏರುತ್ತದೆ. ಒಮ್ಮೆ ಕಿತ್ತ ಸ್ಟಿಕ್ಕರನ್ನು ಮತ್ತೆ ಅಂಟಿಸಿ ಸೆಲ್ ಉಳಿಸಲಾಗದು. ಹೊಸ ಸೆಲ್ ಹಾಕಿಯೂ ಮೆಷಿನ್ ಸತ್ತಂತಿದ್ದರೆ ಗಾಳಿಯ ರಂಧ್ರದ ಮೇಲೆ ಬೆವರಿದೆಯೇ ನೋಡಿ, ಒರೆಸಿದರೆ ಎಷ್ಟೋ ಸಲ ಜೀವ ಬರುತ್ತದೆ. ರಾತ್ರಿ ಸೆಲ್ಲನ್ನು ಒಣಡಬ್ಬಿಗೆ ಹಾಕಬೇಡಿ, ಅದರ ಒಳಗಿನ ತೇವವೂ ಆರಿಹೋಗುತ್ತದೆ. ಮಕ್ಕಳ ಕೈಗೆ ಸಿಗದ ಕಡೆ ಇಡಿ. ಮಗು ನುಂಗಿತೆಂದು ಸಂಶಯವಾದರೂ ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಮೋಲ್ಡನ್ನು ವಾರಕ್ಕೊಮ್ಮೆ ಟ್ಯೂಬ್ ಸಮೇತ ಮೆಷಿನ್ನಿನ ಕೊಕ್ಕೆಯಿಂದ ಬಿಡಿಸಿ ಉಗುರುಬೆಚ್ಚಗಿನ ಸೋಪು ನೀರಲ್ಲಿ ತೊಳೆಯುತ್ತೇನೆ. ಮೆಷಿನ್ನಿಗೆ ನೀರು ತಾಗಬಾರದು. ತೊಳೆದ ಮೇಲೆ ರಬ್ಬರ್ ಬ್ಲೋವರಿನಿಂದ ಟ್ಯೂಬಿನ ನೀರು ಊದಿ ತೆಗೆದು, ರಾತ್ರಿಯಿಡೀ ಆರಲು ಬಿಡಬೇಕು. ಎಸಿ ಕೋಣೆಯಲ್ಲಿ ಕೂತಾಗ ದನಿ ಕಡಿದು ಕಡಿದು ಬಂದರೆ ಟ್ಯೂಬನ್ನು ಬೆಳಕಿಗೆ ಹಿಡಿಯಿರಿ. ಕಿವಿಯ ಬಿಸಿ ತೇವದ ಗಾಳಿ ತಣ್ಣಗಿನ ಟ್ಯೂಬಿನಲ್ಲಿ ಹನಿಗಟ್ಟಿರುತ್ತದೆ. ಟ್ಯೂಬ್ ಹಳದಿಯಾಗಿ ಗಡುಸಾದರೆ ಬದಲಿಸಬೇಕು. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬರುತ್ತದೆ.

ಬೆಳಗ್ಗೆ ಹಾಕಿಕೊಂಡ ಕೂಡಲೇ ಒಂದು ಪರೀಕ್ಷೆ. ಮನೆಯವರು ಒಂದು ಮೀಟರ್ ದೂರ ನಿಂತು, ತುಟಿ ಕಾಣದಂತೆ, ಆರು ದನಿ ಹೇಳುತ್ತಾರೆ: ಮ್, ಊ, ಆ, ಈ, ಶ್, ಸ್. ನಾನು ಕೇಳಿದ್ದನ್ನು ಹಾಗೇ ಮರಳಿ ಹೇಳಬೇಕು. ಇದು ಆಡಿಯಾಲಜಿಸ್ಟರು ಬಳಸುವ ಲಿಂಗ್ (Ling) ಪರೀಕ್ಷೆ. ನಿನ್ನೆ ಕೇಳಿದ ಶ್, ಸ್ ಇವತ್ತು ಕೇಳದಿದ್ದರೆ ಮೊದಲು ಮೋಲ್ಡಿನ ಬಾಯಲ್ಲಿ ಗುಗ್ಗೆ ಇದೆಯೇ, ಮೈಕಿನಲ್ಲಿ ತೇವವಿದೆಯೇ ಎಂದು ನೋಡಿ. ಆರೂ ಮಂಕಾದರೆ ಸೆಲ್ ಬದಲಿಸಿ. ಮೆಷಿನ್ ಸರಿಯಾಗಿದ್ದೂ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಅದನ್ನು ಶೀತವೆಂದು ಬಿಡಬಾರದು. ದಿಢೀರ್ ಕಿವುಡುತನಕ್ಕೆ ಚಿಕಿತ್ಸೆ ಬೇಗ ಶುರುವಾದಷ್ಟೂ ಫಲ ಸಿಗುವ ಸಂಭವ ಹೆಚ್ಚು. ಅದೇ ದಿನ ಇಎನ್‌ಟಿ ವೈದ್ಯರನ್ನು ಕಾಣಿ.

ಮೋಲ್ಡ್ ಮುಚ್ಚಿದ ಕಿವಿಯಲ್ಲಿ ಮಳೆಗಾಲಕ್ಕೆ ಫಂಗಸ್ ಬರುವುದುಂಟು. ತುರಿಕೆ, ಕಿವಿ ಕಟ್ಟಿದಂತಾಗುವುದು, ಬಿಳಿ ಅಥವಾ ಕಪ್ಪು ಕಸ ಇದರ ಲಕ್ಷಣ. ನಮ್ಮಲ್ಲಿ ಕೂಡಲೇ ಬಿಸಿ ತೆಂಗಿನೆಣ್ಣೆ ಬಿಡುತ್ತಾರೆ. ದಯವಿಟ್ಟು ಬಿಡಬೇಡಿ: ಕಿವಿಯ ತಮಟೆಯಲ್ಲಿ ತೂತಿದ್ದರೆ ಎಣ್ಣೆ ನಡುಗಿವಿಗೆ ಹೋಗುತ್ತದೆ, ಮೋಲ್ಡೂ ಜಾರಿ ಕುಯ್ಯೆನ್ನುತ್ತದೆ. ವೈದ್ಯರು ಶುಚಿ ಮಾಡಿ ಮದ್ದು ಕೊಡುವವರೆಗೆ ಆ ಕಿವಿಗೆ ಮೆಷಿನ್ ಹಾಕದಿರುವುದೇ ಸರಿ. ಎಣ್ಣೆಸ್ನಾನದ ದಿನ ಕೂದಲು, ಕಿವಿ ಪೂರ್ತಿ ಆರಿದ ಮೇಲೆ ಹಾಕಿಕೊಳ್ಳಿ. ಮಲ್ಪೆ, ಪಣಂಬೂರಿನಲ್ಲಿ ನೀರಿಗಿಳಿಯುವ ಮೊದಲು ತೆಗೆದು ಡಬ್ಬಿಗೆ ಹಾಕಿ, ಜಲನಿರೋಧಕ ಎಂದು ಬರೆದಿದ್ದರೂ ಉಪ್ಪುನೀರು, ಮರಳು ಅದಕ್ಕೆ ಆಗದು. ಹೆಲ್ಮೆಟ್ ಹಾಕುವಾಗಲೂ ಹಾಗೆಯೇ. ತೆಗೆಯುವ ರಭಸಕ್ಕೆ ಮೆಷಿನ್ ಹಾರಿಹೋದರೆ ಹುಡುಕುವುದು ಕಷ್ಟ.

ಇನ್ನು ಕೂರುವ ಜಾಗ. ಶೀಟಿನ ಮಾಡಿನ ಮೇಲೆ ಮಳೆ ಬಡಿಯುವಾಗ ಮೆಷಿನ್ ಆ ಸದ್ದನ್ನೂ ಹಿಗ್ಗಿಸುತ್ತದೆ. ಆಗ ವಾಲ್ಯೂಮ್ ಏರಿಸುವುದಕ್ಕಿಂತ ಹತ್ತಿರ ಹೋಗುವುದು ಮೇಲು: ದೂರ ಅರ್ಧವಾದರೆ ಮಾತಿನ ದನಿ ತೆರೆದ ಜಾಗದಲ್ಲಿ ಸುಮಾರು 6 ಡೆಸಿಬಲ್ ಹೆಚ್ಚುತ್ತದೆ. ಯಕ್ಷಗಾನಕ್ಕೆ ಹೋದರೆ ಚೆಂಡೆಯಿಂದಲೂ ಸ್ಪೀಕರಿನಿಂದಲೂ ದೂರ ಕೂರಿ. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದೆಂಬುದು ಲೆಕ್ಕ. ಪ್ರತಿ 3 ಡೆಸಿಬಲ್ ಏರಿದಾಗ ಸಮಯ ಅರ್ಧವಾಗುತ್ತದೆ, 100ಕ್ಕೆ ಕಾಲು ಗಂಟೆಯಷ್ಟೇ ಉಳಿಯುತ್ತದೆ. ಇದು ದುಡಿಯುವ ದೊಡ್ಡವರಿಗಾಗಿ ಮಾಡಿದ ಲೆಕ್ಕ. ಜೊತೆಗೆ ಬರುವ ಮಕ್ಕಳ ಕಿವಿಗೆ ಇನ್ನೂ ಹೆಚ್ಚು ಜಾಗ್ರತೆ ಬೇಕು, ಸ್ಪೀಕರಿನ ಮುಂದೆ ಅವರನ್ನು ಕೂರಿಸಬೇಡಿ.